ಬಾಯಲ್ಲೇ ಕಡಿದ ಮರ

ಡೆಸ್ ಟ್ರಾಂಟರ್ ಟೆಂಟಿಗೆ ಜಾಗ ಆರಿಸುವುದನ್ನು ನೀವು ನೋಡಬೇಕಿತ್ತು. ಬ್ರ್ಯಾಕನ್ ಹಿಲ್ ರಾಕ್ ಉತ್ಸವಕ್ಕೆ ಬುಧವಾರ ಮಧ್ಯಾಹ್ನ ಗೇಟು ತೆಗೆದ ಕೂಡಲೇ ಜನ ಚೀಲ, ಕಂಬ, ಬಿಯರ್ ಪೆಟ್ಟಿಗೆ ಎಲ್ಲ ತಬ್ಬಿಕೊಂಡು ಬೆದರಿದ ದನಗಳ ಹಾಗೆ ಓಡುತ್ತಾರೆ. ಡೆಸ್ ಮಾತ್ರ, ಮನೆ ಕೊಳ್ಳಲು ಬಂದವನು ಗೋಡೆ ತಟ್ಟಿ ತಟ್ಟಿ ನೋಡುವ ಹಾಗೆ, ಹುಲ್ಲನ್ನು ಬೂಟಿನ ತುದಿಯಿಂದ ಒತ್ತಿ ನೋಡುತ್ತಾ ನಡೆಯುತ್ತಿದ್ದ. ಶೌಚಾಲಯಗಳ ಸಾಲಿನಿಂದ ಎಂಬತ್ತು ಹೆಜ್ಜೆ ದೂರ, ಅದೂ ಅಲ್ಲಿನ ಗಾಳಿ ಇತ್ತ ಬೀಸದ ಕಡೆ. ನಲ್ಲಿಯಿಂದ ನಲವತ್ತು. ಇಳಿಜಾರಿನ ತಳ ಬೇಡ, ಮಳೆ ಬಂದರೆ ಇಡೀ ಬೆಟ್ಟವೇ ಹಾಸಿಗೆಗೆ ಬರುತ್ತದೆ. ಕಾಲುದಾರಿಯ ಪಕ್ಕ ಬೇಡ, ಕುಡಿದವರೆಲ್ಲ ಟೆಂಟಿನ ಹಗ್ಗಕ್ಕೆ ಎಡವಿ ಮೈಮೇಲೆ ಬೀಳುತ್ತಾರೆ. ಬೆಳಗಿನ ಬಿಸಿಲು ನೇರ ಬೀಳುವ ಕಡೆ ಬೇಡ, ಆರು ಗಂಟೆಗೇ ಬೆಂದು ಹೋಗುತ್ತೀರಿ. ಇಷ್ಟೆಲ್ಲ ಸೋಸಿ ಉಳಿದ ನೆಲದ ಮೇಲೆ ಮಂಡಿಯೂರಿ, ತುಂಬಿದ ಬಿಯರ್ ಡಬ್ಬಿಯೊಂದನ್ನು ಅಡ್ಡ ಮಲಗಿಸಿ ಕೈ ಬಿಡುತ್ತಿದ್ದ. ಉರುಳಿದರೆ ಮುಂದಿನ ಜಾಗಕ್ಕೆ. ಅಲುಗದೆ ನಿಂತರೆ, "ಇಲ್ಲಿ ಡಬ್ಬಿಗೆ ನಿದ್ದೆ ಬಂತು, ನಮಗೂ ಬರುತ್ತೆ," ಎನ್ನುತ್ತಿದ್ದ. ಆಮೇಲೆ ಆ ಡಬ್ಬಿಯನ್ನು ಎಬ್ಬಿಸಿ ಕುಡಿದುಬಿಡುತ್ತಿದ್ದ.

ಹಾಗೆ ಇಪ್ಪತ್ತು ವರ್ಷ. ನಾವು ನಾಲ್ವರು, ಎಲ್ಲರೂ ಡಡ್ಲಿ, ಟಿಪ್ಟನ್ ಎಂಬ ಕಾರ್ಖಾನೆ ಊರುಗಳ ಕಡೆಯವರು. ಡೆಸ್ ಸರಪಳಿ ಕಾರ್ಖಾನೆಯಲ್ಲಿ ವೆಲ್ಡರ್. ನಾನು ಕ್ಲೈವ್, ಬಸ್ ಡ್ರೈವರ್. ಮೋ ಪ್ಯೂ ಶಾಲೆಯ ಅಡುಗೆಮನೆ ನೋಡಿಕೊಳ್ಳುವವಳು, ಪ್ರಪಂಚದಲ್ಲಿ ಯಾರನ್ನು ಕಂಡರೂ, ಪೊಲೀಸನನ್ನು ಕಂಡರೂ, 'ಕಂದಾ' ಎನ್ನುವವಳು. ಮತ್ತೆ ಟ್ರೆವ್. ಅವನ ಮನೆಹೆಸರು ಆನಿಯನ್ಸ್, ಅಂದರೆ ಈರುಳ್ಳಿ, ನಾನು ಇಟ್ಟದ್ದಲ್ಲ, ಅವರಪ್ಪ ಕೊಟ್ಟದ್ದು. ಅವನು ಹಾಡಿದರೆ ನಿಜವಾಗಿ ಕಣ್ಣಲ್ಲಿ ನೀರು ಬರುತ್ತದೆ.

ಮೊದಲ ವರ್ಷವೇ ಡಬ್ಬಿ ನಿದ್ದೆಹೋದ ಜಾಗ ಕೆಳಗಿನ ಹೊಲದ ಮೂಲೆಯಲ್ಲಿ, ಒಂದು ಆ್ಯಶ್ ಮರದ ಕೆಳಗಿತ್ತು. ಆಮೇಲೆ ಪ್ರತಿವರ್ಷ ಅದೇ ಜಾಗ. ಆದರೂ ಡೆಸ್ ಪ್ರತಿವರ್ಷ ಡಬ್ಬಿ ಉರುಳಿಸಿಯೇ ತೀರುತ್ತಿದ್ದ. "ನೆಲ ಮನಸ್ಸು ಬದಲಾಯಿಸಿರಬಹುದು," ಎನ್ನುತ್ತಿದ್ದ. ನಾಲ್ಕು ಟೆಂಟು ದುಂಡಗೆ, ಬಾಗಿಲು ಒಳಮುಖ. ಮೋಳ ಬಾವುಟ ನಡುವೆ: ಅವಳ ಗಂಡ ಕೆನ್ ಬಿಟ್ಟುಹೋದಾಗ ಮನೆಯಲ್ಲಿ ಉಳಿದಿದ್ದ ಎರಡೇ ಆಸ್ತಿ, ಒಂದು ಉದ್ದದ ಮೀನುಗಾಳದ ಕೋಲು, ಒಂದು ಉಣ್ಣೆಯ ಉದ್ದ ಚಡ್ಡಿ. ಚಡ್ಡಿಗೆ ಕಪ್ಪು ಬಣ್ಣ ಹಾಕಿ, ಅದರ ಮೇಲೆ ಬಿಳಿಯ ಬಾಣಲೆಯ ಚಿತ್ರ ಬರೆದು, ಕೋಲಿಗೆ ಕಟ್ಟಿದ್ದಳು. ಎಪ್ಪತ್ತು ಸಾವಿರ ಜನರ ಟೆಂಟುಗಳ ನಡುವೆ ಟ್ರೆವ್ ತನ್ನ ಹಾಸಿಗೆ ಹುಡುಕಿಕೊಳ್ಳುತ್ತಿದ್ದುದು ಕೆನ್‌ನ ಚಡ್ಡಿ ನೋಡಿಯೇ.

ಇನ್ನೊಂದು ಪದ್ಧತಿ. ಉತ್ಸವದಲ್ಲಿ ಮಣಿಕಟ್ಟಿಗೆ ಕಟ್ಟುವ ಬಟ್ಟೆಯ ಪಟ್ಟಿಯನ್ನು ಡೆಸ್ ವರ್ಷವಿಡೀ ಬಿಚ್ಚುತ್ತಿರಲಿಲ್ಲ. ಮುಂದಿನ ವರ್ಷ ಬಂದು, ಹಳೆಯದನ್ನು ಕತ್ತರಿಸಿ, ಮರದ ಕೆಳಗಿನ ಕೊಂಬೆಗೆ ಕಟ್ಟುತ್ತಿದ್ದ. ಅವನು ಗಿಡ್ಡ, ನಾನು ಉದ್ದ. ನಾನು ಕೊಂಬೆ ಬಗ್ಗಿಸಿ ಹಿಡಿಯಬೇಕು, ಅವನು ಕಟ್ಟಬೇಕು. ಹತ್ತೊಂಬತ್ತು ಪಟ್ಟಿಗಳಿದ್ದವು ಆ ಕೊಂಬೆಯಲ್ಲಿ.

ಇಪ್ಪತ್ತನೆಯದನ್ನು ಹೋದ ನವೆಂಬರಿನಲ್ಲಿ ಒಬ್ಬ ನರ್ಸು ಕತ್ತರಿಸಿದಳು. ಡೆಸ್‌ಗೆ ಪಾರ್ಶ್ವವಾಯು ಹೊಡೆದಿತ್ತು. ಬಾಯಿ ಒಂದು ಕಡೆಗೆ ಎಳೆದು, ಮಾತು ಗಂಜಿಯಾಗಿದ್ದಾಗ ಅವನು ಆಸ್ಪತ್ರೆಯಲ್ಲಿ ಆಡಿದ ಮೊದಲ ಪೂರ್ತಿ ವಾಕ್ಯ, "ಬಿಸಾಕಬೇಡ." ಪಟ್ಟಿ ಪರ್ಸಿನೊಳಗೆ ಹೋಯಿತು. ಆಮೇಲೆ ಮಾತು ಮರಳಿತು, ಬಾಯಿಯೂ ಹೆಚ್ಚುಕಡಿಮೆ ನೆಟ್ಟಗಾಯಿತು. ಎಡಗೈ, ಎಡಗಾಲು ಬರಲಿಲ್ಲ. ಮನೆಯೊಳಗೆ ಕೋಲು, ಹೊರಗೆ ಗಾಲಿಕುರ್ಚಿ. ಮೊದಲ ಸಲ ಪಬ್ಬಿಗೆ ಕರೆದೊಯ್ದಾಗ, "ನನ್ನನ್ನು ನೋಡಿ ಕಲಿಯಿರಿ, ನಿಂತು ಕುಡಿಯೋರೆಲ್ಲ ಖಾಲಿ ಕುರ್ಚಿ ಹುಡುಕ್ತಾರೆ, ನಾನು ಗಾಲಿ ಕುರ್ಚಿ ಜೊತೆಗೇ ತಂದಿದೀನಿ," ಅಂದ. ನಾವು ನಕ್ಕೆವು. ಇದು ಫೆಬ್ರವರಿಯ ಮಾತು.

ಅದೇ ಫೆಬ್ರವರಿಯಲ್ಲಿ ನಾನು ಒಂದು ಅರ್ಜಿ ತುಂಬಿದೆ.

ಬ್ರ್ಯಾಕನ್ ಹಿಲ್‌ನಲ್ಲಿ ನಡೆಯಲಾಗದವರಿಗೆ ಬೇರೆಯೇ ಶಿಬಿರವಿದೆ. ವೇದಿಕೆಯಿಂದ ಐದು ನಿಮಿಷ. ಕೆಸರಿನ ಮೇಲೆ ಪ್ಲಾಸ್ಟಿಕ್ ಹಲಗೆ ಹಾಸಿರುತ್ತಾರೆ. ನೀರು ಹರಿಯುವ ಶೌಚಾಲಯ, ಬಿಸಿನೀರಿನ ಸ್ನಾನ, ಕರೆಂಟು. ಒಬ್ಬರ ಜೊತೆಗೆ ಒಬ್ಬ ಜೊತೆಗಾರನನ್ನು ಮಾತ್ರ ಒಳಗೆ ಬಿಡುತ್ತಾರೆ. ಉತ್ಸವದವರ ವೆಬ್ ಪುಟದಲ್ಲಿ ಸ್ನಾನದ ಕೋಣೆಯ ಫೋಟೋ ಇತ್ತು. ಆ ಫೋಟೋವನ್ನು ನಾನು ಎಷ್ಟು ಹೊತ್ತು ನೋಡಿದೆ ಎಂದು ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಐವತ್ತೊಂಬತ್ತು ವಯಸ್ಸು, ಮೂವತ್ತು ವರ್ಷ ಬಸ್ಸಿನ ಸೀಟಿನಲ್ಲಿ ಕೂತು ಸೊಂಟ ಹಿಡಿದಿದೆ. ಹೋದ ವರ್ಷ ಆ ಮರದ ಕೆಳಗೆ ನಾಲ್ಕು ದಿನ ಮಲಗಿ ಎದ್ದಾಗ ನನ್ನನ್ನು ಮಡಚಿ ಡಿಕ್ಕಿಯಲ್ಲಿಟ್ಟು ತರಬೇಕಾಗಿತ್ತು. ಅರ್ಜಿಯಲ್ಲಿ ಡೆಸ್‌ನ ಕಾಲಿನ ಬಗ್ಗೆ ಎರಡು ಪುಟ ಬರೆದೆ. ಅಷ್ಟು ಮನಮುಟ್ಟುವ ಹಾಗೆ ನಾನು ಪ್ರೇಮಪತ್ರವನ್ನೂ ಬರೆದವನಲ್ಲ. ನನ್ನ ಸೊಂಟದ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಅರ್ಜಿ ಒಪ್ಪಿಗೆಯಾಗಿ ಬಂದ ಮೇಲೆ ಏಪ್ರಿಲ್‌ನಲ್ಲಿ ಡೆಸ್‌ನ ಅಡುಗೆಮನೆಗೆ ಹೋದೆ.

"ಆ ಶಿಬಿರಕ್ಕೆ ಯಾಕೆ?" ಅಂದ ಡೆಸ್. "ನಮ್ಮ ಜಾಗ ಇದೆಯಲ್ಲ. ಮೋ ಇರ್ತಾಳೆ, ಟ್ರೆವ್ ಇರ್ತಾನೆ. ನನ್ನ ಎತ್ತಿ ಹಾಕೋಕೆ ಮೂರು ಜನ ಸಾಲಲ್ವಾ?"

ನಿಜ ಹೇಳಬಹುದಿತ್ತು. ನಾನು ಟೀ ಕಪ್ಪಿನೊಳಗೆ ನೋಡುತ್ತಾ, "ಕೆಳಗಿನ ಹೊಲ ಈ ವರ್ಷ ಇಲ್ಲ ಕಣೋ," ಅಂದೆ.

"ಇಲ್ಲ ಅಂದ್ರೆ? ಹೊಲ ಎದ್ದು ಎಲ್ಲಿಗೆ ಹೋಗುತ್ತೆ?"

"ಕಾರು ನಿಲ್ಲಿಸೋಕೆ ಮಾಡಿದಾರಂತೆ. ಮೋಗೆ, ಟ್ರೆವ್‌ಗೆ ಬೆಟ್ಟದ ಆಚೆ ಜಾಗ. ನಿನ್ನ ಕುರ್ಚಿ ಅಲ್ಲಿಗೆ ಹೋಗಲ್ಲ."

ಡೆಸ್ ಬಲಗೈಯಿಂದ ಎಡಗೈಯನ್ನು ಎತ್ತಿ, ಯಾರದೋ ಸಾಮಾನು ಎತ್ತಿಡುವ ಹಾಗೆ, ಮೇಜಿನ ಮೇಲೆ ಇಟ್ಟುಕೊಂಡ. "ಮತ್ತೆ ಮರ?"

ಇಲ್ಲಿ ನಿಲ್ಲಿಸಬೇಕಿತ್ತು. ಬಸ್ಸು ಓಡಿಸುವವನಿಗೂ ಸುಳ್ಳು ಹೇಳುವವನಿಗೂ ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಮುಖ್ಯ ವಿದ್ಯೆ. ನಾನು ಸ್ಟಾಪು ದಾಟಿ ಹೋದೆ.

"ಕಡಿದ್ರಂತೆ," ಅಂದೆ. "ರೋಗ ಬಂದಿತ್ತಂತೆ. ದೇಶದಲ್ಲೆಲ್ಲ ಆ್ಯಶ್ ಮರಗಳಿಗೆ ಬರ್ತಿದೆಯಲ್ಲ, ಅದೇ."

"ನನ್ನ ಪಟ್ಟಿಗಳು?"

"ಕೊಂಬೆ ಜೊತೆಗೇ ಹೋಗಿರ್ಬೇಕು."

ಅವನು ಮೇಜಿನ ಮೇಲಿದ್ದ ಎಡಗೈಯ ಮಣಿಕಟ್ಟನ್ನು ಒಮ್ಮೆ ಸವರಿದ. ಆಮೇಲೆ, "ಹೋದ ವರ್ಷ ಚೆನ್ನಾಗೇ ಇತ್ತು. ಎಲೆ ತುಂಬಾ ಇತ್ತು," ಅಂದ. ನಾನು ತಂದಿದ್ದ ಕಾಗದದ ಕೊನೆಯಲ್ಲಿ ಸಹಿ ಹಾಕಿದ. ಪೆನ್ನು ಮುಚ್ಚುವುದು ಒಂದು ಕೈಯಲ್ಲಿ ಆಗಲಿಲ್ಲ, ನಾನೇ ಮುಚ್ಚಿದೆ.

ಸಂಜೆ ಮೋಗೆ ಫೋನು ಮಾಡಿದೆ.

"ಮರ ಕಡಿದಿದಾರೆ ಅಂತ ಹೇಳಿಬಿಟ್ಟಿದೀನಿ ಮೋ."

"ಅಯ್ಯೋ, ಯಾರು ಕಡಿದ್ರು?"

"ಯಾರೂ ಕಡಿದಿಲ್ಲ. ನಾನು ಹೇಳಿದೆ ಅಷ್ಟೆ."

ಆ ಕಡೆ ಪಾತ್ರೆಯ ಸದ್ದು ನಿಂತಿತು. "ಅವನು ಬಿದ್ದುಬಿಟ್ಟಾನು ಅಂತ ನಿನಗೆ ಹೆದರಿಕೆ. ಸರಿ, ನನಗೂ ಇದೆ. ಅದಕ್ಕೆ ಮರ ಯಾಕೆ ಕಂದಾ?"

"ಬಾಯಿಗೆ ಬಂತು. ಈಗ ನೀನು ಒಂದು ಕೆಲಸ ಮಾಡು. ಬಾವುಟ ಏರಿಸಬೇಡ. ಅವನು ನೋಡಿದ್ರೆ ಕತೆ ಮುಗೀತು."

"ಏರಿಸಲ್ಲ. ಆದ್ರೆ ಸುಳ್ಳು ನಿಂದು. ನಾನು ಕೇಳಿಸಿಕೊಂಡವಳು ಅಷ್ಟೆ. ನಾಳೆ ಸಾಕ್ಷಿಗೆ ಕರೀಬೇಡ."

ಜೂನ್ ಬಂತು. ಶಿಬಿರದ ಬಾಗಿಲಲ್ಲಿ ಫಿಲಿಪ್ಪಾ ಎಂಬ ಸ್ವಯಂಸೇವಕಿ ನಮ್ಮನ್ನು ಎದುರುಗೊಂಡಳು. ಬಂಗಾರದಂಥ ಹೆಂಗಸು, ಆದರೆ ಕಾಲು ಬಿದ್ದವರಿಗೆ ಕಿವಿಯೂ ಬಿದ್ದಿರುತ್ತದೆ ಎಂದು ನಂಬಿದ್ದಳು. ಡೆಸ್‌ನ ಮುಖದ ಮುಂದೆ ಬಗ್ಗಿ, ಒಂದೊಂದೇ ಅಕ್ಷರ ಬಿಡಿಸಿ, "ನಿ-ಮ್ಮ-ಹೆ-ಸ-ರು?" ಅಂದಳು. ಆಮೇಲೆ ಅವನ ತಲೆಯ ಮೇಲಿಂದ ನನ್ನನ್ನು ಕೇಳಿದಳು, "ಇವ್ರು ಟೀಗೆ ಸಕ್ಕರೆ ಹಾಕ್ಕೊಳ್ತಾರಾ?" ಅವಳು ಹೋದ ಮೇಲೆ ಡೆಸ್ ಅದೇ ದನಿಯಲ್ಲಿ, ಅದೇ ಬಗ್ಗುವಿಕೆಯಲ್ಲಿ, ನನ್ನ ಚೀಲವನ್ನು ಕೇಳಿದ, "ಇ-ವ-ನು ಸುಳ್ಳಿಗೆ ಸಕ್ಕರೆ ಹಾ-ಕ್ಕೊ-ಳ್ತಾ-ನಾ?"

"ಏನಂದೆ?"

"ಟೀಗೆ ಅಂದೆ," ಅಂದ ಡೆಸ್. "ಅವಳು ಕೊಟ್ಟ ಟೀ ಸಪ್ಪೆ ಇತ್ತು." ನನಗೆ ಕೇಳಿಸಿದ್ದು ನಿಜವೋ, ಅಳುಕಿನ ಕಿವಿಗೆ ಎಲ್ಲವೂ ಹಾಗೇ ಕೇಳಿಸುತ್ತದೆಯೋ, ಇವತ್ತಿಗೂ ಗೊತ್ತಿಲ್ಲ.

ಟೆಂಟು ನನ್ನದೇ, ಹೊಸದು, ಒಳಗೆ ನೆಟ್ಟಗೆ ನಿಲ್ಲಬಹುದಾದ ಎತ್ತರದ್ದು. ಅದಕ್ಕೆ ನಮಗೆ ಕೊಟ್ಟಿದ್ದ ಜಾಗದ ಸಂಖ್ಯೆ ಹದಿನೇಳು. ಡೆಸ್ ಚೀಲದಿಂದ ಬಿಯರ್ ಡಬ್ಬಿ ತೆಗೆಸಿದ. ಕುರ್ಚಿಯಿಂದ ಬಗ್ಗಿ ಪ್ಲಾಸ್ಟಿಕ್ ಹಲಗೆಯ ಮೇಲೆ ಅಡ್ಡ ಇಟ್ಟ. ಅಲುಗಲಿಲ್ಲ. ಒಂದು ಗಜ ಆಚೆ ಇಡಿಸಿದ. ಅಲ್ಲೂ ಅಲುಗಲಿಲ್ಲ. ಮತ್ತೊಂದು ಕಡೆ. ಊಹೂಂ.

"ಎಲ್ಲ ಕಡೆ ಒಂದೇ," ಅಂದ. "ಇಲ್ಲಿ ಆರಿಸೋಕೆ ಏನಿಲ್ಲ." ಡಬ್ಬಿಯನ್ನು ತೆರೆಯದೆ ಚೀಲಕ್ಕೆ ಹಾಕಿಸಿದ.

ಆ ರಾತ್ರಿ ನಾನು ಮಗುವಿನ ಹಾಗೆ ಮಲಗಿದೆ. ಗುರುವಾರ ಎರಡು ಸಲ ಬಿಸಿನೀರಿನ ಸ್ನಾನ ಮಾಡಿದೆ. ಎರಡನೆಯ ಸಲ ಒಳಗೆ ಹಾಡಿಕೊಂಡೆ ಕೂಡ. ಹೊರಗೆ ಬಂದಾಗ ಡೆಸ್ ಟೆಂಟಿನ ಬಾಗಿಲಲ್ಲಿ ಕೂತು ಪರ್ಸು ತೆರೆದು ಆ ಪಟ್ಟಿಯನ್ನು ನೋಡುತ್ತಿದ್ದ. ಬಣ್ಣ ಮಾಸಿತ್ತು, ಕತ್ತರಿ ಬಿದ್ದ ಕಡೆ ನೂಲು ಬಿಚ್ಚಿಕೊಂಡಿತ್ತು.

"ಇದನ್ನ ಎಲ್ಲಾದ್ರೂ ಕಟ್ಟಬೇಕಲ್ಲ," ಅಂದ. "ಆ ಮರದ ಬುಡವಾದ್ರೂ ಉಳಿದಿದೆಯೋ ಏನೋ. ಮೋಳನ್ನ ಕೇಳಿದ್ಯಾ?"

"ಕಾರುಗಳ ಮಧ್ಯೆ ಏನು ಕಾಣುತ್ತೆ," ಅಂದೆ. ತಲೆ ಒರೆಸಿಕೊಳ್ಳುವ ನೆಪದಲ್ಲಿ ಟವೆಲ್ಲಿನೊಳಗೆ ಮುಖ ಹುದುಗಿಸಿದೆ. ಟವೆಲ್ಲು ಒಣಗಿದ್ದರೂ ಇನ್ನೂ ಸ್ವಲ್ಪ ಹೊತ್ತು ಒರೆಸಿಕೊಂಡೆ.

ಶುಕ್ರವಾರ ಮಧ್ಯಾಹ್ನ ವಾದ್ಯ ಶುರು. ಗಾಲಿಕುರ್ಚಿಯವರಿಗೆಂದು ಮೈದಾನದ ಹಿಂಬದಿಯಲ್ಲಿ ಎತ್ತರದ ಅಟ್ಟಣಿಗೆ ಕಟ್ಟಿರುತ್ತಾರೆ, ಇಳಿಜಾರಿನ ಹಾದಿಯಲ್ಲಿ ಕುರ್ಚಿ ತಳ್ಳಿಕೊಂಡು ಹತ್ತಬೇಕು. ಇಪ್ಪತ್ತು ವರ್ಷ ಬೇರೆಯವರ ಬೆನ್ನು ನೋಡುತ್ತಾ ರಾಕ್ ಕೇಳಿದ ನನಗೆ ಮೊದಲ ಸಲ ವೇದಿಕೆ ಪೂರ್ತಿ ಕಂಡಿತು. ನಾನು ವೇದಿಕೆ ನೋಡುತ್ತಿದ್ದೆ. ಡೆಸ್ ಎತ್ತರದಿಂದ ಸುತ್ತಲೂ ನೋಡುತ್ತಿದ್ದ.

ಹಾಡು ಮುಗಿದು ಚಪ್ಪಾಳೆ ಇಳಿಯುವ ಹೊತ್ತಿಗೆ, "ಕ್ಲೈವ್," ಅಂದ.

"ಹೂಂ."

"ಕೆನ್‌ನ ಚಡ್ಡಿ ಹಾರ್ತಿದೆ."

ತಿರುಗಿ ನೋಡಬೇಕಾದ್ದೇ ಇರಲಿಲ್ಲ. ಆದರೂ ನೋಡಿದೆ. ದೂರದಲ್ಲಿ, ಕೆಳಗಿನ ಹೊಲದ ಮೂಲೆಯಲ್ಲಿ, ಸಾವಿರ ಟೆಂಟುಗಳ ಮೇಲೆ ಮೀನುಗಾಳದ ಕೋಲು ಬಾಗಿ, ಅದರ ತುದಿಯಲ್ಲಿ ಕಪ್ಪು ಚಡ್ಡಿ ಎರಡೂ ಕಾಲು ಒದರುತ್ತಿತ್ತು. ಒಂದೇ ಒಂದು ಕಾರು ಇರಲಿಲ್ಲ.

"ಪಕ್ಕದಲ್ಲಿ ಒಂದು ಮರ ಇದೆ," ಅಂದ ಡೆಸ್. ದನಿ ಏರಿಸಲಿಲ್ಲ. "ಕಡಿದಿದ್ದ ಮರ. ಎರಡು ತಿಂಗಳಲ್ಲಿ ನಲವತ್ತು ಅಡಿ ಬೆಳೆದಿದೆ. ಒಳ್ಳೇ ಗೊಬ್ಬರ ಬಿದ್ದಿರ್ಬೇಕು. ಯಾರ ಬಾಯಿಂದ ಬಿತ್ತೋ."

"ಡೆಸ್, ನಾನು ನಿನ್ನ ಒಳ್ಳೇದಕ್ಕೇ…"

"ಹೌದಾ."

"ಅಲ್ಲಿ ಕೆಸರು. ಜಾರುತ್ತೆ. ನೀನು ಬಿದ್ದು ಏನಾದ್ರೂ ಆಗಿದ್ರೆ…"

"ಬಿದ್ರೆ ಬೀಳ್ತಿದ್ದೆ. ಇಪ್ಪತ್ತು ವರ್ಷ ನಾವು ನಾಲ್ಕೂ ಜನ ಅಲ್ಲಿ ಬೀಳ್ತಾನೇ ಇದ್ವಲ್ಲ. ಟ್ರೆವ್ ಒಂದು ವರ್ಷ ಎದ್ದೇ ಇರಲಿಲ್ಲ." ಅವನು ನನ್ನ ಕಡೆ ತಿರುಗಿದ. "ಮೂರು ದಿನಕ್ಕೆ ನಾನು ಒಂದು ಸಲ ಸ್ನಾನ ಮಾಡಿದೀನಿ. ನೀನು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಐದು," ಅಂದೆ.

"ಐದು," ಅಂದ ಡೆಸ್. ಕೆಳಗೆ ಡ್ರಮ್ಮಿನವನು ಒಂದೊಂದಾಗಿ ತಟ್ಟಿ ಪರೀಕ್ಷೆ ಮಾಡುತ್ತಿದ್ದ. ಅದು ಮುಗಿಯುವವರೆಗೂ ಕಾದ. "ಕ್ಲೈವ್, 'ನನ್ನ ಸೊಂಟ ಹಿಡಿದಿದೆ, ಆ ಹೊಲದಲ್ಲಿ ನಿನ್ನ ತಳ್ಳೋಕೆ ನನ್ನ ಕೈಲಾಗಲ್ಲ' ಅಂತ ಒಂದು ಮಾತು ಹೇಳಿದ್ರೆ ನಾನು ಒಪ್ಪಿರ್ತಿದ್ದೆ. ಬೈದು, ಆಮೇಲೆ ಒಪ್ಪಿರ್ತಿದ್ದೆ. ಮರ ಯಾಕೆ ಕಡಿದೆ?"

ಮರ ಇದ್ದರೆ ಅವನು ಕೇಳುತ್ತಲೇ ಇರುತ್ತಾನೆ, ಮರ ಇಲ್ಲವೆಂದರೆ ಕೇಳುವುದು ನಿಲ್ಲುತ್ತದೆ, ಅಷ್ಟೇ ಇದ್ದದ್ದು. ಅದನ್ನು ಹೇಳಲು ಬಾಯಿ ಬರಲಿಲ್ಲ.

"ಕೆಳಗಿಳಿಸು," ಅಂದ ಡೆಸ್. "ಮರದ ಹತ್ರ ಕರ್ಕೊಂಡು ಹೋಗು."

ಮೈದಾನದಿಂದ ಕೆಳಗಿನ ಹೊಲಕ್ಕೆ ಮುಕ್ಕಾಲು ಮೈಲಿ. ಮೊದಲು ಲೋಹದ ಹಾಸು, ಆಮೇಲೆ ಹುಲ್ಲು, ಆಮೇಲೆ ಬರೀ ಕೆಸರು. ಬಸ್ಸಿನಲ್ಲಿ ಪ್ರಯಾಣಿಕರು ಸುಮ್ಮನಿದ್ದರೆ ಡ್ರೈವರಿಗೆ ಸುಖ ಎಂದು ಮೂವತ್ತು ವರ್ಷ ನಂಬಿದ್ದೆ. ಆ ಮುಕ್ಕಾಲು ಮೈಲಿ ನನ್ನ ಒಬ್ಬನೇ ಪ್ರಯಾಣಿಕ ಒಂದು ಮಾತು ಆಡಲಿಲ್ಲ. ಕೆಸರು ಶುರುವಾದ ಕಡೆ ಮುಂದಿನ ಚಕ್ರಗಳು ಹೂತುಹೋದವು. ನಾನು ತಳ್ಳಿದೆ, ಸೊಂಟ ಕಟಕ್ ಎಂದಿತು, ಕುರ್ಚಿ ಅಲುಗಲಿಲ್ಲ. ಮೈತುಂಬ ಹಚ್ಚೆ ಹಾಕಿಸಿಕೊಂಡ ನಾಲ್ಕು ಜನ ಆ ಕಡೆಯಿಂದ ಬರುತ್ತಿದ್ದವರು, ಯಾರೂ ಕರೆಯದಿದ್ದರೂ, ಕೈಯಲ್ಲಿದ್ದ ಗ್ಲಾಸುಗಳನ್ನು ನನಗೆ ಹಿಡಿಯಲು ಕೊಟ್ಟು, ಕುರ್ಚಿಯ ನಾಲ್ಕು ಮೂಲೆಗೆ ನಿಂತರು.

"ಎಲ್ಲಿಗೆ ಗುರುವೇ?" ಅಂದ ಒಬ್ಬ, ಮೂಗಿಗೆ ಬಳೆಯಂಥ ಮೂಗುತಿ ಹಾಕಿಕೊಂಡವನು.

"ಅಲ್ಲಿ ಮರ ಕಾಣ್ತಿದೆಯಾ? ಕಡಿದಿರೋದು," ಅಂದ ಡೆಸ್.

ಅವನು ಮರ ನೋಡಿದ, ಡೆಸ್‌ನ ನೋಡಿದ, ಎಷ್ಟು ಕುಡಿದಿದ್ದಾನೆ ಎಂಬಂತೆ ನನ್ನನ್ನು ನೋಡಿದ. ನಾನು ನಾಲ್ಕು ಗ್ಲಾಸು ಎದೆಗೆ ಒತ್ತಿ ಹಿಡಿದು ಹಿಂದೆ ನಡೆದೆ. ಹೀಗೆ ನನ್ನ ಗೆಳೆಯನನ್ನು ಅವನ ಜಾಗಕ್ಕೆ ಬೇರೆಯವರು ಹೊತ್ತು ತಂದರು, ನಾನು ಅವರ ಬಿಯರ್ ಹೊತ್ತು ತಂದೆ.

ಮೋ ಒಲೆಯ ಮುಂದೆ ಬೇಕನ್ ಹುರಿಯುತ್ತಿದ್ದಳು. ತಲೆ ಎತ್ತಿ ನೋಡಿದಳು. "ಬಂದ್ಯಾ ಕಂದಾ," ಅಂದಳು ಡೆಸ್‌ಗೆ. "ತಡ ಆಯ್ತು." ಆಮೇಲೆ ನನಗೆ, "ನನ್ನ ನೋಡಬೇಡ. ನಿನ್ನೆ ಬಾವುಟ ಇಲ್ಲದೆ ಈ ಈರುಳ್ಳಿ ದಾರಿ ತಪ್ಪಿ, ಯಾರೋ ಹಾಲೆಂಡಿನ ಹಲ್ಲಿನ ಡಾಕ್ಟರ ಟೆಂಟಲ್ಲಿ ಮಲಗಿ ಬಂದಿದಾನೆ. ಇನ್ನೊಂದು ರಾತ್ರಿ ಬಿಟ್ರೆ ಮದುವೆ ಮಾಡ್ಕೊಂಡು ಬರ್ತಿದ್ದ. ಅದಕ್ಕೇ ಬೆಳಿಗ್ಗೆ ಏರಿಸಿದೆ."

"ಒಳ್ಳೇ ಜನ," ಅಂದ ಟ್ರೆವ್. "ಬೆಳಿಗ್ಗೆ ಕಾಫಿ ಕೊಟ್ರು. ಹಲ್ಲು ಕೂಡ ನೋಡಿದ್ರು."

ಯಾರೂ ನಗಲಿಲ್ಲ, ಏಕೆಂದರೆ ಡೆಸ್ ನೆಲ ನೋಡುತ್ತಿದ್ದ. ಟೆಂಟುಗಳು ಎಂದಿನ ಹಾಗೆ ದುಂಡಗಿದ್ದವು. ಮೋಳದು, ಟ್ರೆವ್‌ನದು, ಮೋ ಬಿಯರ್ ತಂಪಾಗಿಡಲೆಂದು ಹೊರಗೆ ಕಾಲುದಾರಿಯ ಕಡೆ ಹಾಕುವ ಪುಟ್ಟ ಟೆಂಟು. ದುಂಡಿನಲ್ಲಿ, ಮರದ ಬುಡಕ್ಕೆ ಹತ್ತಿರದಲ್ಲಿ, ಡೆಸ್‌ನ ಟೆಂಟಿನ ಅಳತೆಯ ಜಾಗ ಖಾಲಿ ಇತ್ತು. ಅದರ ನಾಲ್ಕು ಮೂಲೆಗೆ ನಾಲ್ಕು ಗೂಟ, ಗೂಟಗಳಿಗೆ ಅಡುಗೆಮನೆಯ ದಾರ. ಎಪ್ಪತ್ತು ಸಾವಿರ ಜನ ಮಲಗಲು ಅಂಗೈಯಗಲ ಹುಡುಕುವ ಕಡೆ, ಮೂರು ದಿನದಿಂದ ಹುಲ್ಲು ತುಳಿಯದೆ ನಿಂತಿತ್ತು.

"ಎಷ್ಟು ಜನ ಕೇಳಿದ್ರು ಅಂತೀಯ," ಅಂದಳು ಮೋ. "ಖಾಲಿ ಇದೆಯಾ, ಖಾಲಿ ಇದೆಯಾ ಅಂತ. ಜನ ಬರೋದಿದೆ ಅಂತ ಹೇಳಿ ಕಳಿಸ್ತಾನೇ ಇದ್ದೆ. ಬರಲ್ಲ ಅಂತ ನನಗೆ ಗೊತ್ತಿತ್ತು. ಆದ್ರೆ ಬೇರೆಯವರನ್ನ ಅಲ್ಲಿ ಮಲಗಿಸೋಕೆ ಕೈ ಬರಲಿಲ್ಲ." ಬೇಕನ್ ಮಗುಚಿದಳು. "ಒಂದು ಫೋನು ಮಾಡಿ ನಿನಗೆ ಹೇಳಬಹುದಿತ್ತು ಡೆಸ್. ಹೇಳಲಿಲ್ಲ. ಅದು ನನ್ನ ತಪ್ಪು."

ಅವಳು ಹಾಗೆ ಎರಡು ಮಾತಲ್ಲಿ ಹೇಳಿ ಮುಗಿಸಿದ್ದನ್ನು ನಾನು ಮೂರು ದಿನದಿಂದ ಹೇಳಲಾರದೆ ಸ್ನಾನ ಮಾಡುತ್ತಿದ್ದೆ.

ಡೆಸ್ ಕೊಂಬೆ ನೋಡಿದ. ಹತ್ತೊಂಬತ್ತೂ ಇದ್ದವು. ಹಳೆಯವು ಬಿಳಿಚಿ ಹಗ್ಗದ ತುಂಡಿನ ಹಾಗಾಗಿದ್ದವು, ಹೊಸವಕ್ಕೆ ಇನ್ನೂ ಕೆಂಪು, ಹಸಿರು ಉಳಿದಿತ್ತು. ಅವನು ಪರ್ಸು ತೆಗೆದ. ನಾನು ಅಭ್ಯಾಸಬಲದಿಂದ ಮುಂದೆ ಹೋಗಿ ಕೊಂಬೆಗೆ ಕೈ ಹಾಕಿದೆ.

"ನೀನು ಬಿಡು," ಅಂದ ಡೆಸ್. "ಟ್ರೆವ್, ಬಾ. ನೀನು ಹಿಡ್ಕೋ."

ಟ್ರೆವ್ ನನಗಿಂತ ಗಿಡ್ಡ. ಪೆಟ್ಟಿಗೆಯ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು, ಹೇಗೋ ಬಗ್ಗಿಸಿದ. ಮೋ ಪಟ್ಟಿಯ ಒಂದು ತುದಿ ಹಿಡಿದಳು, ಡೆಸ್ ಬಲಗೈಯಿಂದ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿದ. ತುಂಬಾ ಹೊತ್ತು ಹಿಡಿಯಿತು. ನಾನು ಎರಡು ಮಾರು ದೂರದಲ್ಲಿ, ಆರಡಿ ಮೂರಂಗುಲ ಎತ್ತರವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ, ಖಾಲಿ ಕುರ್ಚಿಯ ಹಿಡಿಕೆ ಹಿಡಿದು ನಿಂತೆ. ಹೌದು, ಖಾಲಿ ಗಾಲಿ ಕುರ್ಚಿ. ಅವನು ಎದ್ದು ಮರಕ್ಕೆ ಒರಗಿದ್ದ.

"ಡೆಸ್," ಅಂದೆ. "ನನ್ನದು ತಪ್ಪು. ಅರ್ಜಿ ನಾನು ಫೆಬ್ರವರಿಯಲ್ಲೇ ಹಾಕಿದ್ದೆ. ನಿನ್ನ ಕೇಳೋ ಮುಂಚೆ. ಸ್ನಾನದ ಮನೆ ನೋಡಿ ಹಾಕಿದೆ."

ಇದು ಅವನಿಗೆ ಗೊತ್ತಿರಲಿಲ್ಲ. ಹೇಳದಿದ್ದರೂ ನಡೆಯುತ್ತಿತ್ತು. ಅವನ ಮುಖ ನೋಡಿದ ಮೇಲೆ, ಹೇಳದಿದ್ದರೇ ಚೆನ್ನಾಗಿತ್ತು ಎನಿಸಿತು, ಹಾಗೆ ಅನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ನನ್ನ ಟೆಂಟು ಎಲ್ಲಿ?" ಅಂದ ಕೊನೆಗೆ.

"ನಿನ್ನ ಮನೆ ಶೆಡ್ಡಲ್ಲಿ. ಬೇಡ ಅಂತ ಬಿಟ್ಟು ಬಂದ್ವಿ."

"ಬಿಟ್ಟು ಬಂದ್ವಿ ಅಲ್ಲ. ಬಿಟ್ಟು ಬಂದೆ ಅನ್ನು."

"ಬಿಟ್ಟು ಬಂದೆ."

"ಹಾಗಾದ್ರೆ ನಿಂದು ಕಿತ್ಕೊಂಡು ಬಾ. ಆ ಅರಮನೆ. ನಾನು ಇಲ್ಲೇ ಇರ್ತೀನಿ."

ಮೋಳ ಕೈಗಾಡಿ ಎಳೆದುಕೊಂಡು ಹೊರಟೆ. ಹೋಗುವಾಗ ಮುಕ್ಕಾಲು ಮೈಲಿ, ಬರುವಾಗ ಮೂರು ಮೈಲಿಯಷ್ಟಾದ ಮುಕ್ಕಾಲು ಮೈಲಿ. ಫಿಲಿಪ್ಪಾ ಬಾಗಿಲಲ್ಲಿ ತಡೆದು, "ಏನಾದ್ರೂ ಸರಿಹೋಗಲಿಲ್ವಾ?" ಅಂದಳು. "ಎಲ್ಲ ಸರಿ ಇತ್ತು," ಅಂದೆ, "ನನ್ನೊಬ್ಬನನ್ನ ಬಿಟ್ಟು." ಅವಳಿಗೆ ಏನೂ ಅರ್ಥವಾಗಲಿಲ್ಲ, ಆದರೂ ಟೀ ಕೊಟ್ಟಳು, ಸಕ್ಕರೆ ಎಷ್ಟೆಂದು ನನ್ನನ್ನೇ ಕೇಳಿದಳು. ಟೆಂಟು ಕಿತ್ತು, ಮಡಚಿ, ಗಾಡಿಗೆ ಕಟ್ಟಿ ವಾಪಸು ಬರುವಾಗ, ವರ್ಷವಿಡೀ ನಾನು ಕಾದಿದ್ದ ತಂಡ ದೂರದ ವೇದಿಕೆಯಲ್ಲಿ ಬಾರಿಸುತ್ತಿತ್ತು. ನನಗೆ ಗಿಟಾರು ಕೇಳಿಸಲಿಲ್ಲ, ಬರೀ ಡ್ರಮ್ಮು, ಅದೂ ಕಾಲಿನ ಅಡಿಯಿಂದ. ಕೆಸರಲ್ಲಿ ಗಾಡಿ ಸಿಕ್ಕಿಕೊಂಡಾಗ ಹಚ್ಚೆಯವರು ಯಾರೂ ಬರಲಿಲ್ಲ. ಬಂದಿದ್ದರೂ ಬೇಡ ಎನ್ನುತ್ತಿದ್ದೆ ಎಂದು ಬರೆಯಲು ಆಸೆ. ಎನ್ನುತ್ತಿರಲಿಲ್ಲ.

ಕೆಳಗಿನ ಹೊಲ ತಲುಪುವಾಗ ಎಂಟು ದಾಟಿತ್ತು, ಜೂನ್ ತಿಂಗಳ ಬಿಸಿಲು ಇನ್ನೂ ಹುಲ್ಲಿನ ಮೇಲೆ ಓರೆಯಾಗಿತ್ತು. ಡೆಸ್ ನೆಲದ ಮೇಲೆ, ದಾರ ಬಿಗಿದ ಚೌಕದೊಳಗೆ, ಒಂದು ಪಕ್ಕಕ್ಕೆ ವಾಲಿ ಮಲಗಿದ್ದ. ಕೆನ್ನೆ ಹುಲ್ಲಿಗೆ ಹಚ್ಚಿ ಬಿಯರ್ ಡಬ್ಬಿ ನೋಡುತ್ತಿದ್ದ. ಡಬ್ಬಿ ಅಲುಗುತ್ತಿರಲಿಲ್ಲ.

"ಇಲ್ಲಿ," ಅಂದ.

ನಾನು ಅಲ್ಲಿ ಟೆಂಟು ಹಾಕಿದೆ. ತಲೆ ಮರದ ಕಡೆಗೆ, ಬಾಗಿಲು ಒಳಮುಖ. ಮೂವರೂ ಒಂದು ಕೈ ಹಾಕಲಿಲ್ಲ. ಮುಗಿದ ಮೇಲೆ ಹಗ್ಗವೊಂದನ್ನು ಎಳೆದು ನೋಡಿ ಡೆಸ್, "ಸರಿ," ಅಂದ. ಇಪ್ಪತ್ತು ವರ್ಷದಲ್ಲಿ ಅವನು ನನ್ನ ಗೂಟಕ್ಕೆ ಸರಿ ಅಂದದ್ದು ಅದೇ ಮೊದಲು.

"ನಾನೆಲ್ಲಿ?" ಅಂದೆ.

ಅವನು ಡಬ್ಬಿ ಎತ್ತಿ, ನನ್ನ ಕೈಗೆ ಕೊಡದೆ, ಕಾಲುದಾರಿಯ ಕಡೆ ಉರುಳಿಸಿದ. ಅದು ಇಳಿಜಾರಿನಲ್ಲಿ ಓಡಿ, ಒಂದು ಕಲ್ಲಿಗೆ ತಾಗಿ ಎಗರಿ, ಮೋಳ ಬಿಯರ್ ಟೆಂಟಿನ ಹಗ್ಗಕ್ಕೆ ಬಡಿದು ನಿಂತಿತು. ಟೆಂಟಿನ ಒಂದು ಮಗ್ಗುಲಲ್ಲಿ ದಾರಿ, ಇನ್ನೊಂದು ಮಗ್ಗುಲಲ್ಲಿ ಇಡೀ ಹೊಲದ ಇಳಿಜಾರು. ಅಲ್ಲಿಗೆ ಮಾತ್ರ ಗಾಳಿ ನೇರ ಶೌಚಾಲಯದ ಕಡೆಯಿಂದ.

"ಅಲ್ಲಿ," ಅಂದ ಡೆಸ್.

"ಡಬ್ಬಿಗಳ ಜೊತೆಗಾ? ಕಾಲು ಚಾಚೋಕೂ ಆಗಲ್ಲ."

"ಮಡಚ್ಕೋ. ರಾತ್ರಿ ಎರಡು ಸಲ ನನಗೆ ಹೋಗಬೇಕಾಗುತ್ತೆ. ನೀನು ದಾರಿ ಮೇಲೇ ಇರ್ಬೇಕು. ನನ್ನ ಕೋಲು ನಿನ್ನ ಹಗ್ಗಕ್ಕೆ ಬಡಿಯುತ್ತೆ, ನೀನು ಏಳ್ತೀಯ."

"ಏಳ್ತೀನಿ."

"ಸ್ನಾನ ಇಲ್ಲಿ ಇಲ್ಲ."

"ಗೊತ್ತು."

ಅವನು ಎರಡು ಸಲವಲ್ಲ, ಮೂರು ಸಲ ಎಬ್ಬಿಸಿದ. ಮೂರನೆಯ ಸಲ ನಿಜವಾಗಿ ಹೋಗಬೇಕಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಅವನನ್ನು ತೋಳಿನಡಿ ಹಿಡಿದು ಎಂಬತ್ತು ಹೆಜ್ಜೆ ಹೋಗಿ, ಎಂಬತ್ತು ಹೆಜ್ಜೆ ಬಂದೆ. ನಡುನಡುವೆ ನನ್ನ ಹಗ್ಗಕ್ಕೆ ಎಡವಿದವರ ಲೆಕ್ಕ ಇಟ್ಟಿಲ್ಲ. ಒಬ್ಬ ಬಿದ್ದವನು ಎದ್ದು, ಟೆಂಟಿನ ಬಟ್ಟೆಯನ್ನು ಸವರಿ, ಬಹಳ ವಿನಯದಿಂದ ಟೆಂಟಿಗೇ ಕ್ಷಮೆ ಕೇಳಿ ಹೋದ.

ಬೆಳಿಗ್ಗೆ ಬಿಸಿಲು ನೇರ ನನ್ನ ಮುಖಕ್ಕೆ ಬಿತ್ತು. ಹೊರಗೆ ತೆವಳಿ ಬಂದೆ. ಮೋ, ಟ್ರೆವ್ ಎದ್ದಿರಲಿಲ್ಲ. ಮರದ ನೆರಳು ಡೆಸ್‌ನ ಟೆಂಟಿನ ಮೇಲೆ ಪೂರ್ತಿ ಬಿದ್ದಿತ್ತು, ಒಳಗಿಂದ ಗೊರಕೆ ಬರುತ್ತಿತ್ತು, ಒಂದು ಕಡೆಗೆ ಸ್ವಲ್ಪ ಎಳೆದ ಗೊರಕೆ. ನಾನು ಕೊಂಬೆಯ ಕೆಳಗೆ ಹೋಗಿ ನಿಂತೆ. ಇಪ್ಪತ್ತನೆಯ ಪಟ್ಟಿಯ ಗಂಟು ರಾತ್ರಿಯ ಗಾಳಿಗೆ ಸಡಿಲಾಗಿತ್ತು. ಹಲ್ಲಿನಿಂದ ಎಳೆದ ಗಂಟು, ಇನ್ನೊಂದು ದಿನ ತಡೆಯುತ್ತದೆಯೋ ಇಲ್ಲವೋ. ನನಗೆ ಎತ್ತರ ಇದೆ, ಎರಡು ಕೈ ಇವೆ, ಅರ್ಧ ನಿಮಿಷದ ಕೆಲಸ. ಅವನಿಗೆ ಗೊತ್ತೂ ಆಗುತ್ತಿರಲಿಲ್ಲ.

ಅವನಿಗೆ ಗೊತ್ತಾಗದ ಹಾಗೆ ಮಾಡುವ ಕೆಲಸ ಈ ವರ್ಷಕ್ಕೆ ಸಾಕು ಅನಿಸಿತು. ಮರದ ಬುಡದಲ್ಲಿ ಕೂತು, ಅವನು ಏಳುವುದನ್ನೇ ಕಾದೆ. ಎದ್ದು ಬಾಗಿಲ ಜಿಪ್ಪು ಒಂದು ಕೈಯಲ್ಲಿ ಎಳೆದಾಗ ಹೇಳಿದೆ, "ಡೆಸ್, ಗಂಟು ಸಡಿಲ ಆಗಿದೆ."

ಅವನು ಕಣ್ಣು ಕಿರಿದು ಮಾಡಿ ಮೇಲೆ ನೋಡಿದ, ಆಮೇಲೆ ನನ್ನನ್ನು.

"ಟ್ರೆವ್ ಏಳಲಿ," ಅಂದ.

ಟ್ರೆವ್ ಹತ್ತು ಗಂಟೆಗೆ ಮುಂಚೆ ಏಳುವವನಲ್ಲ. ನಾವಿಬ್ಬರೂ ಅಲ್ಲೇ ಕೂತು ಕಾದೆವು.